ಊಹೆ ಊಹೆಯಾಗಿಯೇ ಇರಲಿ



ನಿಮ್ಮ ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಊಟದ ಹೊತ್ತಿನಲ್ಲಿ ವಿಚಿತ್ರ ಚರ್ಚೆಗಳು ನಿಮ್ಮ ಕಿವಿಗೆ ಬಿದ್ದಿರಬಹುದು. "ಫೋರ್‌ರನ್ನರ್‌ಗಳು ಮನುಷ್ಯರೇ ಅಲ್ಲವೇ?", "ಅವರಿಗಿಂತ ಹಿಂದೆ ಇದ್ದವರು ಯಾರು?" ಎಂದು ಅಣ್ಣ ತಮ್ಮ ವಾದಿಸುತ್ತಿರುತ್ತಾರೆ. ಅನ್ನ ಆರಿ ಹೋಗುತ್ತಿರುತ್ತದೆ. "ಸಾಕು ಮಾಡಿ ನಿಮ್ಮ ಗೇಮಿನ ಪುರಾಣ" ಎಂದು ನೀವು ಗದರಿಸುತ್ತೀರಿ.

ಗದರಿಸಲು ಕಾರಣಗಳಿವೆ. ಆಟದ ಗುಂಗಿನಲ್ಲಿ ನಮಾಝಿನ ಸಮಯ ಜಾರಿ ಹೋಗುತ್ತದೆ, ಓದು ಹಿಂದೆ ಬೀಳುತ್ತದೆ. ಇವರು ಮಾತನಾಡುವ 'ಹೇಲೋ' ಎಂಬ ಆಟದ ಮೊದಲ ಕಂತಿಗೆ ಅಮೆರಿಕದಲ್ಲಿ 17 ವರ್ಷ ಮತ್ತು ಮೇಲ್ಪಟ್ಟವರಿಗೆ ಎಂಬ ಮುದ್ರೆಯನ್ನೇ ಹಾಕಿದ್ದರು. ಎಳೆಯ ಮಕ್ಕಳ ಕೈಗೆ ಅದನ್ನು ಕೊಡಬಾರದು. ಆದರೆ ಇಂದು ನಾನು ಹೇಳಹೊರಟಿರುವುದು ಆಟದ ಬಗ್ಗೆಯಲ್ಲ, ಆ ಚರ್ಚೆಯ ಬಗ್ಗೆ. ಅದರಲ್ಲಿ ನಮಗೂ ಕಲಿಯಲು ಒಂದು ಪಾಠವಿದೆ.

ಮೊದಲು ಕಥೆ ಕೇಳಿ. 2001ರ ನವೆಂಬರ್‌ನಲ್ಲಿ ಬಂಜೀ ಎಂಬ ಅಮೆರಿಕದ ಸಂಸ್ಥೆ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗಾಗಿ ಈ ಆಟವನ್ನು ಹೊರತಂದಿತು. ಬಾಹ್ಯಾಕಾಶದಲ್ಲಿ 10,000 ಕಿಲೋಮೀಟರ್ ವ್ಯಾಸದ ಒಂದು ಬೃಹತ್ ಬಳೆ ತೇಲುತ್ತಿದೆ. ಅದರ ಒಳಮೈಯಲ್ಲಿ ಕಡಲು, ಬೆಟ್ಟ, ಕಾಡು ಎಲ್ಲವೂ ಇವೆ. ಅದನ್ನು ಕಟ್ಟಿದ್ದು ಫೋರ್‌ರನ್ನರ್‌ಗಳೆಂಬ ಪ್ರಾಚೀನ ಜೀವಿಗಳು. ಅವರು ಒಂದು ಲಕ್ಷ ವರ್ಷಗಳ ಹಿಂದೆಯೇ ಕಾಣೆಯಾಗಿದ್ದಾರೆ. ಅವರು ಯಾರು, ಹೇಗಿದ್ದರು ಎಂಬುದನ್ನು ಆಟ ಹೇಳಲಿಲ್ಲ. ಸುಳಿವುಗಳನ್ನಷ್ಟೇ ಬಿಟ್ಟಿತು.

ಅಲ್ಲಿಂದ ಶುರುವಾಯಿತು ಅಭಿಮಾನಿಗಳ ಊಹೆ. ಫೋರ್‌ರನ್ನರ್‌ಗಳೆಂದರೆ ಪ್ರಾಚೀನ ಮನುಷ್ಯರೇ ಎಂದು ಒಂದು ಪಕ್ಷ, ಅಲ್ಲವೇ ಅಲ್ಲ ಎಂದು ಇನ್ನೊಂದು ಪಕ್ಷ. 2007ರಲ್ಲಿ ಮೂರನೆಯ ಆಟ ಬಂದಾಗ ಅದರಲ್ಲಿ ಒಂದು ಯಂತ್ರ ನಾಯಕನನ್ನೇ ಫೋರ್‌ರನ್ನರ್ ಎಂದು ಕರೆಯಿತು. ಮೊದಲ ಪಕ್ಷದವರು ಗೆದ್ದೆವೆಂದು ಬೀಗಿದರು. ಆದರೆ ಅದೇ ಆಟದಲ್ಲಿ ಅಡಗಿಸಿಟ್ಟಿದ್ದ ಬರಹಗಳು ಎರಡೂ ಬೇರೆ ಬೇರೆ ಕುಲವೆಂಬಂತೆ ಸೂಚಿಸಿದವು. ವಾದ ಮತ್ತೆ ಬೆಳೆಯಿತು. ಕೊನೆಗೆ 2011ರಿಂದ 2013ರವರೆಗೆ ಗ್ರೆಗ್ ಬೇರ್ ಎಂಬ ಲೇಖಕ ಬರೆದ ಮೂರು ಕಾದಂಬರಿಗಳಲ್ಲಿ ಉತ್ತರ ಬಂತು. ಅವರಿಬ್ಬರೂ ಬೇರೆ ಬೇರೆ. ಅಷ್ಟೇ ಅಲ್ಲ, ಅವರಿಬ್ಬರಿಗಿಂತಲೂ ಹಿಂದೆ ಪ್ರಿಕರ್ಸರ್ ಎಂಬ ಇನ್ನೊಂದು ಕುಲವಿತ್ತಂತೆ! ಈಗ ಅಭಿಮಾನಿಗಳು ಅವರ ಬೆನ್ನು ಹತ್ತಿದ್ದಾರೆ. ಕಥೆಯಲ್ಲಿ ಆ ಕುಲವನ್ನು ಸೃಷ್ಟಿಕರ್ತರೆಂಬಂತೆ ಚಿತ್ರಿಸಲಾಗಿದೆ. ಸೃಷ್ಟಿಸುವವನು ಅಲ್ಲಾಹನೊಬ್ಬನೇ, ಇದು ಬರೀ ಕಟ್ಟುಕಥೆ ಎಂದು ಮಕ್ಕಳಿಗೆ ಪ್ರೀತಿಯಿಂದ ಹೇಳಿಬಿಡಿ.

ಇಷ್ಟು ವರ್ಷ ವಾದಿಸಿದ ಈ ಅಭಿಮಾನಿಗಳಲ್ಲಿ ಒಳ್ಳೆಯವರು ಒಂದು ಶಿಸ್ತನ್ನು ಪಾಲಿಸುತ್ತಾರೆ. ಆಟದಲ್ಲಿ ಸ್ಪಷ್ಟವಾಗಿ ಇರುವುದೆಷ್ಟು, ತಾವು ಊಹಿಸಿದ್ದೆಷ್ಟು ಎಂದು ಬೇರ್ಪಡಿಸಿ ಹೇಳುತ್ತಾರೆ. "ಎಲ್ಲಿದೆ ಪುರಾವೆ?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಉತ್ತರ ಬಂದಾಗ ತಮ್ಮ ಊಹೆಯನ್ನು ಕೈಬಿಡುತ್ತಾರೆ. ನಮ್ಮ ಮಕ್ಕಳು ಇದನ್ನು ಕಲಿತರೆ ಬೇಡವೆನ್ನಬೇಕೇ?

ಆ ಕಥೆಯ ಒಳಗೂ ಒಂದು ಎಚ್ಚರಿಕೆ ಇದೆ. ಅದರಲ್ಲಿ ಕವೆನೆಂಟ್ ಎಂಬ ಅನ್ಯಗ್ರಹದ ಜೀವಿಗಳ ಒಕ್ಕೂಟವಿದೆ. ಅವರು ಫೋರ್‌ರನ್ನರ್‌ಗಳನ್ನು ದೇವರೆಂದು ಪೂಜಿಸುತ್ತಾರೆ. ಆ ಬಳೆಗಳು ಮೋಕ್ಷದ ಬಾಗಿಲು, ಅವುಗಳನ್ನು ಚಾಲೂ ಮಾಡಿದರೆ ತಾವೂ ದೇವರಾಗುತ್ತೇವೆ ಎಂದು ನಂಬುತ್ತಾರೆ. ವಾಸ್ತವದಲ್ಲಿ ಅವು ಇಡೀ ನಕ್ಷತ್ರಲೋಕದ ಬುದ್ಧಿಜೀವಿಗಳನ್ನೆಲ್ಲ ಕೊಲ್ಲುವ ಆಯುಧಗಳು! ಹಿಂದಿನವರ ಅವಶೇಷ ನೋಡಿ ಕಟ್ಟಿಕೊಂಡ ಒಂದು ಊಹೆ ನಂಬಿಕೆಯಾಯಿತು, ನಂಬಿಕೆ ಯುದ್ಧವಾಯಿತು.

ಸಹೋದರಿ, ಇದು ಕಥೆಯೆಂದು ಸುಮ್ಮನಾಗುವಂತಿಲ್ಲ. ಇಂಥದ್ದರ ಚಿಕ್ಕ ರೂಪ ನಮ್ಮ ನಡುವೆಯೇ ನಡೆದಿದೆ. ಮರಳುಗಾಡಿನ ಗುಂಡಿಯಲ್ಲಿ ದೈತ್ಯಾಕಾರದ ಅಸ್ಥಿಪಂಜರ ಮಲಗಿರುವ ಚಿತ್ರವನ್ನು ನೀವೂ ನೋಡಿರಬಹುದು. ಸೌದಿಯಲ್ಲಿ ಆದ್ ಜನಾಂಗದವರ ಮೂಳೆ ಸಿಕ್ಕಿದೆ ಎಂದು 2004ರಲ್ಲಿ ಅದು ಈಮೇಲ್‌ಗಳಲ್ಲಿ ಹರಿದಾಡಿತು. ಅಸಲಿಗೆ ಅದು 2000ದಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ ಮಾಸ್ಟಡಾನ್ ಎಂಬ, ಆನೆಯಂತಿದ್ದು ಅಳಿದುಹೋದ ಪ್ರಾಣಿಯ ಮೂಳೆಗಳನ್ನು ಅಗೆಯುವಾಗ ತೆಗೆದ ಚಿತ್ರ. 2002ರಲ್ಲಿ ಚಿತ್ರ ತಿದ್ದುವ ಸ್ಪರ್ಧೆಯೊಂದಕ್ಕಾಗಿ ಕಲಾವಿದನೊಬ್ಬ ಕಂಪ್ಯೂಟರಿನಲ್ಲಿ ಅದಕ್ಕೆ ಮನುಷ್ಯನ ಅಸ್ಥಿಪಂಜರ ಸೇರಿಸಿದ್ದ. 2007ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಈ ಬಗ್ಗೆ ವಿವರವಾಗಿ ಬರೆಯಿತು. ಆ ಬಳಿಕವೂ ಚಿತ್ರ ಸುತ್ತುವುದು ನಿಲ್ಲಲಿಲ್ಲ.

ಆದ್ ಜನಾಂಗದ ಬಗ್ಗೆ ಪವಿತ್ರ ಕುರ್‌ಆನ್ ಹೇಳಿದ್ದನ್ನು ನಂಬಲು ನಮಗೆ ತಿದ್ದಿದ ಚಿತ್ರ ಬೇಕೇ? ಅವರಿಗೆ ದೇಹಬಲ ಕೊಡಲಾಗಿತ್ತೆಂದು ಅದು ಹೇಳುತ್ತದೆ, ಎಷ್ಟು ಅಡಿ ಎತ್ತರವಿದ್ದರೆಂದು ಅಳತೆ ಕೊಡುವುದಿಲ್ಲ. ನಮಗಿಂತ ಬಲಶಾಲಿ ಯಾರೆಂದು ಅಹಂಕಾರಪಟ್ಟರು, ಹೂದ್(ಅ)ರ ಮಾತು ಕೇಳಲಿಲ್ಲ, ಬಿರುಗಾಳಿಗೆ ನಾಶವಾದರು. ಪಾಠವಿರುವುದು ಅಲ್ಲಿ, ಮೂಳೆಯ ಉದ್ದದಲ್ಲಲ್ಲ. ಸುಳ್ಳು ಚಿತ್ರವನ್ನು ದೀನಿನ ಪುರಾವೆಯೆಂದು ಮಗನಿಗೆ ತೋರಿಸಿದರೆ, ನಾಳೆ ಅದು ಸುಳ್ಳೆಂದು ಅವನಿಗೆ ಗೊತ್ತಾದಾಗ ಅವನು ಯಾವುದನ್ನು ಸಂಶಯಿಸುತ್ತಾನೆ? ಚಿತ್ರವನ್ನು ಮಾತ್ರವೇ? ಯೋಚಿಸಿ ನೋಡಿ.

ಶುಕ್ರವಾರ ನಾವು ಓದುವ ಅಲ್ ಕಹ್ಫ್ ಅಧ್ಯಾಯವನ್ನೇ ನೆನೆಯಿರಿ. ಗುಹೆಯ ಆ ಯುವಕರು ಎಷ್ಟು ಮಂದಿ ಎಂದು ಜನ ಚರ್ಚಿಸುತ್ತಿದ್ದರು. ಮೂವರು ಎಂದರು, ಐವರು ಎಂದರು, ಏಳು ಎಂದರು. ನಾಯಿಯನ್ನೂ ಲೆಕ್ಕಕ್ಕೆ ಸೇರಿಸಿದರು. ಆದರೆ ಅಲ್ಲಾಹನು ಆ ಸಂಖ್ಯೆಯ ಜ್ಞಾನವನ್ನು ತನ್ನತ್ತ ತಿರುಗಿಸಿದನು, ಅದರ ಬಗ್ಗೆ ಆಳವಾದ ವಾದಕ್ಕಿಳಿಯಬೇಡಿರೆಂದು ತಿಳಿಸಿದನು. ಯುವಕರ ಈಮಾನ್ ಮುಖ್ಯ, ತಲೆಯೆಣಿಕೆಯಲ್ಲ. ಊಹೆಗೆ ಎಲ್ಲಿ ನಿಲ್ಲಬೇಕೆಂದು ತಿಳಿದಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಇನ್ನು ಮುಂದೆ ಮಕ್ಕಳು ಆ ಪ್ರಾಚೀನ ಜೀವಿಗಳ ಮಾತು ತೆಗೆದರೆ ಹತ್ತು ನಿಮಿಷ ಕೂತು ಕೇಳಿ. "ಇದು ಕಥೆಯಲ್ಲಿ ಇದೆಯೋ, ನಿನ್ನ ಊಹೆಯೋ?" ಎಂದು ಕೇಳಿ. ಅದೇ ಪ್ರಶ್ನೆಯನ್ನು ನಿಮ್ಮ ಮೊಬೈಲಿಗೆ ಬರುವ ಸಂದೇಶಕ್ಕೂ, ನೆರೆಮನೆಯ ಹುಡುಗಿಯ ಬಗ್ಗೆ ಮದುವೆ ಮನೆಯಲ್ಲಿ ಕೇಳಿಬರುವ ಪಿಸುಮಾತಿಗೂ ಕೇಳಿ. ಆಟದ ಊಹೆ ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಒಬ್ಬ ಹೆಣ್ಣುಮಗಳ ಬಗ್ಗೆ ಮಾಡಿದ ಊಹೆ ತಪ್ಪಾದರೆ ಅವಳ ಬದುಕೇ ಮುರಿಯಬಹುದು. ಅದಕ್ಕಾಗಿಯೇ ಅಲ್ ಹುಜುರಾತ್ ಅಧ್ಯಾಯ ಗುಮಾನಿಯಿಂದ ದೂರವಿರಲು ಸತ್ಯವಿಶ್ವಾಸಿಗಳಿಗೆ ಆದೇಶಿಸಿದೆ.

ಗೊತ್ತಿರುವುದನ್ನು ಗೊತ್ತು ಎನ್ನುವ, ಊಹಿಸಿದ್ದನ್ನು ಊಹೆ ಎನ್ನುವ ನಾಲಿಗೆಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.