ಆರು ತಿಂಗಳ ಕೇಸಿಗೆ ಐದು ವರ್ಷ: ನಮ್ಮ ಓಟಿಗೆ ನ್ಯಾಯ ಯಾವಾಗ?

ಕೋರ್ಟು ಕಚೇರಿ ಹತ್ತಿದವರ ಬಗ್ಗೆ ಊರಲ್ಲಿ ಒಂದು ಮಾತಿದೆ: ಗೆದ್ದವನು ಸೋತ, ಸೋತವನು ಸತ್ತ. ನಮ್ಮಲ್ಲಿ ಹಲವರ ಮನೆಗಳಲ್ಲಿ ಜಮೀನಿನ ಕೇಸು ಇದೆ. ಅಜ್ಜ ಹಾಕಿದ ದಾವೆಗೆ ಮೊಮ್ಮಗ ವಾಯಿದೆಗೆ ಹೋಗುತ್ತಾನೆ. ಆದರೂ ಅಲ್ಲೊಂದು ಸಮಾಧಾನ ಇರುತ್ತದೆ. ಕೇಸು ಎಷ್ಟೇ ಎಳೆದರೂ ಜಮೀನು ಇದ್ದಲ್ಲೇ ಇರುತ್ತದೆ.

ಎಮ್ಮೆಲ್ಲೆ ಸ್ಥಾನ ಹಾಗಲ್ಲ. ಅದರ ಆಯಸ್ಸೇ ಐದು ವರ್ಷ. ಒಂದೊಂದು ವಾಯಿದೆಗೂ ಅದು ಸವೆಯುತ್ತದೆ. ಐದು ವರ್ಷ ಮುಗಿದ ಮೇಲೆ ‘ಆ ಗೆಲುವು ಗೆಲುವೇ ಅಲ್ಲ’ ಎಂದು ಕೋರ್ಟು ಹೇಳಿದರೆ ಯಾರಿಗೆ ಏನು ಬಂತು?

ಇದು ಸುಮ್ಮನೆ ಹೇಳುವ ಮಾತಲ್ಲ. ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೋಡಿ.

ಕೋಲಾರ ಜಿಲ್ಲೆಯ ಮುಳಬಾಗಿಲು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2013ರಲ್ಲಿ ಅಲ್ಲಿ ಕೊತ್ತೂರು ಮಂಜುನಾಥ್ ಗೆದ್ದರು. ಅವರ ಜಾತಿ ಪ್ರಮಾಣಪತ್ರದ ಮೇಲೆ ತಕರಾರು ಎದ್ದು ಕೇಸು ಹೈಕೋರ್ಟಿಗೆ ಹೋಯಿತು. ಆ ಆಯ್ಕೆ ಅಸಿಂಧು ಎಂದು ಹೈಕೋರ್ಟು ಹೇಳಿದ್ದು 2018ರ ಏಪ್ರಿಲ್‌ನಲ್ಲಿ. ಮುಂದಿನ ಚುನಾವಣೆಯ ಮತದಾನ ಮೇ 12ಕ್ಕೆ! ದಲಿತರಿಗೆ ಸೇರಬೇಕಾದ ಸ್ಥಾನ ಅವರಿಗೆ ಸಿಕ್ಕಿರಲಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಆ ಸ್ಥಾನದ ಅವಧಿಯೇ ಮುಗಿಯುತ್ತಾ ಬಂದಿತ್ತು.

ತುಮಕೂರು ಗ್ರಾಮಾಂತರದಲ್ಲಿ 2018ರಲ್ಲಿ ಜೆಡಿಎಸ್‌ನ ಗೌರಿಶಂಕರ್ ಗೆದ್ದರು. ನಕಲಿ ವಿಮೆ ಬಾಂಡ್ ಹಂಚಿ ಮತದಾರರಿಗೆ ಆಮಿಷ ಒಡ್ಡಿದರು ಎಂದು ಸೋತ ಬಿಜೆಪಿಯ ಸುರೇಶ್ ಗೌಡರು ಕೇಸು ಹಾಕಿದರು. ಹೈಕೋರ್ಟು ಅದನ್ನು ಒಪ್ಪಿ ಆಯ್ಕೆ ರದ್ದು ಮಾಡಿದ್ದು 2023ರ ಮಾರ್ಚ್ 30ರಂದು. ಅದರ ಹಿಂದಿನ ದಿನವಷ್ಟೇ ಹೊಸ ಚುನಾವಣೆಯ ದಿನಾಂಕ ಪ್ರಕಟವಾಗಿತ್ತು. ಮತ್ತೆ ಸ್ಪರ್ಧಿಸಲು ಸುಪ್ರೀಂ ಕೋರ್ಟು ಗೌರಿಶಂಕರ್ ಅವರಿಗೆ ಅವಕಾಶವನ್ನೂ ಕೊಟ್ಟಿತು. ಕೊನೆಗೆ ತೀರ್ಮಾನ ಮಾಡಿದವರು ಮತದಾರರೇ. ಅವರನ್ನು ಸೋಲಿಸಿ ಸುರೇಶ್ ಗೌಡರನ್ನು ಕಳಿಸಿದರು.

ಹಾಸನದ ಲೋಕಸಭಾ ಸ್ಥಾನದ್ದೂ ಇದೇ ಕಥೆ. 2019ರ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು ಹೈಕೋರ್ಟು ಅಸಿಂಧು ಎಂದದ್ದು 2023ರ ಸೆಪ್ಟೆಂಬರ್ 1ರಂದು. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆ ಬಂತು. 2024ಕ್ಕೆ ಅವಧಿ ಮುಗಿಯಿತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ.

ಕಾನೂನು ಸರಿ ಇಲ್ಲವೇ? ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಫಲಿತಾಂಶವನ್ನು ಪ್ರಶ್ನಿಸಲು ಇರುವುದು ಒಂದೇ ದಾರಿ, ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ. ಅದನ್ನು ಸೋತ ಅಭ್ಯರ್ಥಿಯೇ ಹಾಕಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಮತದಾರರಾದರೂ ಹಾಕಬಹುದು. ಠೇವಣಿ 2,000 ರೂಪಾಯಿ. ಆದಷ್ಟು ಮಟ್ಟಿಗೆ ದಿನವೂ ವಿಚಾರಣೆ ನಡೆಯಬೇಕು, ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದರೆ ಮೂರು ತಿಂಗಳು.

ತೊಂದರೆ ಇರುವುದು ‘ಪ್ರಯತ್ನಿಸಬೇಕು’ ಅನ್ನುವ ಒಂದು ಪದದಲ್ಲಿ. ನಮಗಾದರೆ ಆ ರಿಯಾಯಿತಿ ಇಲ್ಲ. ಫಲಿತಾಂಶ ಬಂದ 45 ದಿನದೊಳಗೆ ಅರ್ಜಿ ಹಾಕಲೇಬೇಕು. ಜ್ವರ ಬಂದಿತ್ತು, ವಕೀಲರು ಸಿಗಲಿಲ್ಲ ಅಂದರೆ ನಡೆಯುವುದಿಲ್ಲ. 46ನೇ ದಿನ ಹೋದರೆ ವಜಾ. ಮತದಾರ ಒಂದು ದಿನ ತಡ ಮಾಡಿದರೆ ಬಾಗಿಲು ಮುಚ್ಚುತ್ತದೆ. ಕೋರ್ಟು ನಾಲ್ಕು ವರ್ಷ ತಡ ಮಾಡಿದರೆ ಕೇಳುವವರಿಲ್ಲ. ಇದು ಯಾವ ನ್ಯಾಯ?

ಇನ್ನು ಸಾಕ್ಷ್ಯದ ಮಾತು. ಮಾಲೂರಿನಲ್ಲಿ 2023ರಲ್ಲಿ ಕಾಂಗ್ರೆಸ್‌ನ ನಂಜೇಗೌಡರು ಗೆದ್ದದ್ದು ಬರೀ 248 ಓಟಿನಲ್ಲಿ. ಎಣಿಕೆ ಸರಿ ಇಲ್ಲ ಎಂದು ಸೋತವರು ಹೈಕೋರ್ಟಿಗೆ ಹೋದರು. ಎಣಿಕೆ ಕೇಂದ್ರದ ವಿಡಿಯೋ ಕೋರ್ಟಿನ ಮುಂದೆ ಬರಲೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ಎರಡು ವರ್ಷ ದಾಟಿದ ಮೇಲೆ, ಆಯ್ಕೆ ರದ್ದು ಮಾಡಿ ಮರು ಎಣಿಕೆಗೆ ಹೈಕೋರ್ಟು ಆದೇಶಿಸಿತು. ಸುಪ್ರೀಂ ಕೋರ್ಟು ಆಯ್ಕೆ ರದ್ದತಿಗೆ ತಡೆ ಕೊಟ್ಟು, ಮರು ಎಣಿಕೆ ಮಾಡಿ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ತನ್ನಿ ಎಂದಿತು. ಎಣಿಸಲು ಒಂದು ದಿನ ಸಾಕು. ಎಣಿಸಿ ಎಂದು ಹೇಳಲು ಎರಡು ವರ್ಷ!

ವಿಡಿಯೋ ಇಷ್ಟು ಮುಖ್ಯ ಎಂದು ಗೊತ್ತಿದ್ದೂ ಚುನಾವಣಾ ಆಯೋಗ 2025ರ ಮೇ 30ರಂದು ಹೊರಡಿಸಿದ ಸೂಚನೆ ಏನು? 45 ದಿನದೊಳಗೆ ಕೇಸು ದಾಖಲಾಗದಿದ್ದರೆ ವಿಡಿಯೋ ಅಳಿಸಬಹುದು ಎಂದು. ಅದಕ್ಕೂ ಮೊದಲು, 2024ರ ಡಿಸೆಂಬರ್‌ನಲ್ಲಿ, ಸಿಸಿಟಿವಿ ದೃಶ್ಯಗಳು ಜನರ ಕೈಗೆ ಸಿಗದಂತೆ ನಿಯಮ ಬದಲಾಯಿತು. ವಿಡಿಯೋ ನೋಡದೆ ಕೇಸು ಹಾಕುವುದು ಹೇಗೆ? ಕೇಸು ಹಾಕದಿದ್ದರೆ ವಿಡಿಯೋ ಉಳಿಯುವುದು ಹೇಗೆ?

ಕೋರ್ಟುಗಳ ಮೇಲೆ ಹೊರೆ ಜಾಸ್ತಿ, ಸಾವಿರಾರು ಜನ ಕೊಟ್ಟ ಓಟನ್ನು ಅವಸರದಲ್ಲಿ ರದ್ದು ಮಾಡಬಾರದು ಎಂದು ವಕೀಲರು ಹೇಳುತ್ತಾರೆ. ಅದನ್ನು ನಾವೂ ಒಪ್ಪುತ್ತೇವೆ. ಸುಳ್ಳು ಆರೋಪ ಹೊತ್ತ ಎಮ್ಮೆಲ್ಲೆಗೂ ಐದು ವರ್ಷ ಆ ಕಳಂಕ ಹೊರುವ ಶಿಕ್ಷೆ ಬೇಡ. ಅದಕ್ಕೇ ಹೇಳುವುದು, ಗೆದ್ದವರಿಗೂ ಸೋತವರಿಗೂ ಬೇಗ ತೀರ್ಪು ಸಿಗಲಿ. ಇಂದಿರಾ ಗಾಂಧಿ ಅವರ 1971ರ ಗೆಲುವನ್ನು ಅಲಹಾಬಾದ್ ಹೈಕೋರ್ಟು ರದ್ದು ಮಾಡಿದ್ದು 1975ರ ಜೂನ್ 12ರಂದು. ಪ್ರಧಾನಿಯ ಕೇಸಿಗೇ ನಾಲ್ಕು ವರ್ಷ ಹಿಡಿಯಿತು. ಅರ್ಧ ಶತಮಾನ ಕಳೆದರೂ ಅಲ್ಲೇ ನಿಂತಿದ್ದೇವೆ.

ಇದು ಒಂದು ಪಕ್ಷದ ಮಾತಲ್ಲ. ಮೇಲಿನ ಕೇಸುಗಳಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ತಡವಾದರೆ ಕುರ್ಚಿಯಲ್ಲಿ ಇರುವವರಿಗೆ ಲಾಭ, ಅವರು ಯಾವ ಪಕ್ಷದವರೇ ಆಗಿರಲಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ನಮ್ಮೂರ ರಸ್ತೆ, ಸಮುದಾಯ ಭವನ ಯಾರಿಗೆ ಅನ್ನುವುದು ಅವರ ಕೈಯಲ್ಲಿ. ಅಸಿಂಧು ಎಂದು ತೀರ್ಪು ಬಂದ ಮೇಲೆ ಆ ದಿನಗಳನ್ನು ಯಾರು ವಾಪಸ್ ಕೊಡುತ್ತಾರೆ?

ನಮ್ಮ ಒತ್ತಾಯ ಮೂರು. ಕಾಯ್ದೆಯಲ್ಲಿ ‘ಪ್ರಯತ್ನಿಸಬೇಕು’ ಹೋಗಿ ‘ಮುಗಿಸಲೇಬೇಕು’ ಬರಲಿ. ಅದು ಸಂಸತ್ತಿನ ಕೆಲಸ. ಚುನಾವಣೆಯ ನಂತರದ ಆ ಒಂದು ವರ್ಷ ಬೇರೆ ಕೇಸಿನ ಹೊರೆ ಇಲ್ಲದ ನ್ಯಾಯಮೂರ್ತಿಗಳನ್ನು ಹೈಕೋರ್ಟು ಇದಕ್ಕೇ ನೇಮಿಸಲಿ. ಎಣಿಕೆಯ ವಿಡಿಯೋವನ್ನು ಸದನದ ಅವಧಿ ಮುಗಿಯುವವರೆಗೆ ಇಡಲಿ, ಮತದಾರ ಕೇಳಿದರೆ ತೋರಿಸಲಿ.

ಮುಂದಿನ ಸಲ ಓಟು ಕೇಳಲು ಬಂದವರನ್ನು ಅರಳಿಕಟ್ಟೆಯಲ್ಲಿ ಕೂರಿಸಿ ಕೇಳಿ: ನಿಮ್ಮ ಮೇಲೆ ಕೇಸು ಬಿದ್ದರೆ ವಾಯಿದೆ ಕೇಳುತ್ತೀರೋ, ದಿನವೂ ಕೋರ್ಟಿಗೆ ಬರುತ್ತೀರೋ? ನಾವು ಒಂದೇ ದಿನ ಬಿಸಿಲಲ್ಲಿ ಸಾಲು ನಿಂತು ಓಟು ಹಾಕಿ ಮುಗಿಸುತ್ತೇವೆ. ಆ ಓಟಿನ ತಕರಾರು ಆರು ತಿಂಗಳಲ್ಲಿ ಮುಗಿಯಲಿ ಎಂದು ಕೇಳುವುದು ದೊಡ್ಡ ಆಸೆಯೇನಲ್ಲ.