ಕೃತಕ ಪೊರೆಯ ಸಾಕ್ಷ್ಯ

ಜೀವಕೋಶವನ್ನು ಒಡೆದು, ಅದರ ಭಾಗಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವ ಕ್ರಮವನ್ನು ಕೆಲವರು ಸಂದೇಹದಿಂದ ನೋಡುವುದುಂಟು. ಹೂವನ್ನು ಎಸಳೆಸಳಾಗಿ ಕಿತ್ತ ಮೇಲೆ ಉಳಿಯುವುದು ಹೂವಲ್ಲ ಎಂಬುದು ಅವರ ವಾದ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಪೊರೆಯ ಪ್ರೋಟೀನುಗಳ ವಿಷಯದಲ್ಲಿ ಅದು ಪೂರ್ತಿಯಾಗಿ ಸಲ್ಲುವುದೂ ಇಲ್ಲ.

ಕೋಶದ ಪೊರೆ ಮೇದೋದ್ರವ್ಯದ ಎರಡು ಪದರಗಳಿಂದಾದುದು. ಆ ಜೋಡಿ ಪದರದ ದಪ್ಪ ಒಂದು ಮಿಲಿಮೀಟರಿನ ಸುಮಾರು 2 ಲಕ್ಷದಲ್ಲೊಂದು ಭಾಗ. ಅದರಲ್ಲಿ ಹುದುಗಿರುವ ಪ್ರೋಟೀನುಗಳೇ ಕೋಶದ ದ್ವಾರಪಾಲಕರು. ಇವನ್ನು ಬರಿಯ ನೀರಿಗೆ ತಂದರೆ ಮುದ್ದೆಗಟ್ಟಿ ಕೆಲಸಗೆಡುತ್ತವೆ. ಪೊರೆಯಲ್ಲಿಯೇ ಬಿಟ್ಟರೆ ನೆರೆಹೊರೆಯ ಗದ್ದಲದಲ್ಲಿ ಯಾವ ಕೆಲಸ ಯಾರದೆಂದು ತಿಳಿಯದು. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಮತ್ತು ಅವರ ಸಂಗಡಿಗರು, ಫಾಸ್ಫೋಲಿಪಿಡ್ಡುಗಳನ್ನು ನೀರಿನಲ್ಲಿ ಕದಡಿದರೆ ಅವು ತಾವಾಗಿಯೇ ಬಾಯಿಮುಚ್ಚಿದ ಸೂಕ್ಷ್ಮ ಚೀಲಗಳಾಗುವುದನ್ನು ತೋರಿಸಿದರು. ಶುದ್ಧೀಕರಿಸಿದ ಪ್ರೋಟೀನನ್ನು ಅಂಥ ಚೀಲದ ಗೋಡೆಯಲ್ಲಿ ನೆಲೆಗೊಳಿಸಿದರೆ, ಅದರ ನಡತೆಯನ್ನು ಏಕಾಂತದಲ್ಲಿ ನೋಡಬಹುದಷ್ಟೆ.

ಈ ವಿಧಾನದ ಬೆಲೆ ತಿಳಿದುದು ಒಂದು ದೊಡ್ಡ ವಿವಾದದಲ್ಲಿ. ಆಹಾರದ ಶಕ್ತಿ ಎ.ಟಿ.ಪಿ. ಎಂಬ ವಸ್ತುವಾಗಿ ಮಾರ್ಪಡುವುದು ಹೇಗೆ? ಪೊರೆಯ ಒಂದು ಮಗ್ಗುಲಲ್ಲಿ ಹೈಡ್ರೊಜನ್ ಅಯಾನುಗಳು ಒತ್ತರಿಸಿ ನಿಂತು, ಮರಳಿ ಹರಿಯುವಾಗ ಆ ಕೆಲಸ ನಡೆಯುತ್ತದೆಂದು ಪೀಟರ್ ಮಿಚೆಲ್ 1961ರಲ್ಲಿ ಹೇಳಿದರು; ಕಟ್ಟೆಯ ಹಿಂದೆ ನಿಂತ ನೀರು ಚಕ್ರವನ್ನು ತಿರುಗಿಸುವಂತೆ. ಹಲವರು ಇದನ್ನು ಒಪ್ಪಲಿಲ್ಲ. ನಡುವೆ ಯಾವುದೋ ರಾಸಾಯನಿಕ ಮಧ್ಯವರ್ತಿ ಇರಲೇಬೇಕೆಂದು ವರ್ಷಗಟ್ಟಲೆ ಹುಡುಕಿದರು. ಅದು ಕೈಗೆ ಸಿಗಲಿಲ್ಲ.

1974ರಲ್ಲಿ ಅಮೆರಿಕದಲ್ಲಿ ಎಫ್ರೈಮ್ ರಾಕರ್ ಮತ್ತು ವಾಲ್ಟರ್ ಸ್ಟೋಕೆನಿಯಸ್ ಒಂದು ವಿಚಿತ್ರ ಸಂಸಾರವನ್ನೇ ಹೂಡಿದರು. ಸೋಯಾ ಅವರೆಯ ಮೇದಸ್ಸಿನಿಂದ ಚೀಲ. ಉಪ್ಪುನೀರಿನ ಸೂಕ್ಷ್ಮಜೀವಿಯಿಂದ, ಬೆಳಕು ಬಿದ್ದರೆ ಹೈಡ್ರೊಜನ್ ಅಯಾನುಗಳನ್ನು ತಳ್ಳುವ ನೇರಳೆ ಬಣ್ಣದ ಪ್ರೋಟೀನು. ದನದ ಹೃದಯದಿಂದ, ಎ.ಟಿ.ಪಿ.ಯನ್ನು ತಯಾರಿಸುವ ಕಿಣ್ವ. ಬೆಳಕು ಬೀರಿದಾಗ ಎ.ಟಿ.ಪಿ. ಹುಟ್ಟಿತು. ಒಂದಕ್ಕೊಂದು ಬಂಧುತ್ವವೇ ಇಲ್ಲದ ಈ ಎರಡು ಪ್ರೋಟೀನುಗಳಿಗೆ ಸಮಾನ ಮಧ್ಯವರ್ತಿ ಎಲ್ಲಿಂದ ಬರಬೇಕು? ಅವುಗಳ ನಡುವೆ ಇದ್ದ ನಂಟು ಅಯಾನುಗಳ ಹರಿವೊಂದೇ. ಮಿಚೆಲ್ ಅವರಿಗೆ 1978ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇಡಿಯ ಕೋಶವನ್ನು ಎಷ್ಟು ಕಾಲ ದಿಟ್ಟಿಸಿದರೂ ಇಷ್ಟು ನಿಚ್ಚಳವಾದ ಉತ್ತರ ಸಿಕ್ಕುತ್ತಿರಲಿಲ್ಲವೆಂದೇ ಹೇಳಬೇಕು. ಅಲ್ಲಿ ಎಲ್ಲವೂ ಒಟ್ಟಿಗೆ ಇರುವುದೇ ತೊಡಕು.

ಹಾಗೆಂದು ಚೀಲವೇ ಕೋಶವಲ್ಲ. ಆ ನೇರಳೆ ಪ್ರೋಟೀನು ಜೀವಿಯಲ್ಲಿ ಅಯಾನುಗಳನ್ನು ಹೊರಕ್ಕೆ ತಳ್ಳುತ್ತದೆ. ಚೀಲದಲ್ಲಿ ತಿರುವುಮುರುವಾಗಿ ಕುಳಿತು ಒಳಕ್ಕೆ ತಳ್ಳಿತು. ಈ ತಿರುವು ಅಂದಿನ ಪ್ರಯೋಗಕ್ಕೆ ಅನುಕೂಲವೇ ಆಯಿತೆನ್ನಿ. ಆದರೆ ಎಷ್ಟೋ ಪ್ರಯೋಗಗಳಲ್ಲಿ ಪ್ರೋಟೀನುಗಳು ಕೆಲವು ಹೀಗೆ ಕೆಲವು ಹಾಗೆ ನಿಂತು ಲೆಕ್ಕವನ್ನು ಕೆಡಿಸುತ್ತವೆ. ಆದುದರಿಂದ ಚೀಲದಲ್ಲಿ ಕಂಡುದನ್ನು ಕೋಶದಲ್ಲಿ ಮರಳಿ ಒರೆಹಚ್ಚದೆ ನಂಬುವುದು ಆತುರವೆನಿಸೀತು. ಆಕ್ಷೇಪಕರ ಮಾತು ಇಷ್ಟರಮಟ್ಟಿಗೆ ನ್ಯಾಯವಾದುದು. ಆದರೆ ಕೃತಕ ಪೊರೆಯಲ್ಲಿ ಪ್ರೋಟೀನು ಸೊರಗಿದರೂ ಅದು ವ್ಯರ್ಥವಲ್ಲ. ಉಸಿರಾಟದ ಕಿಣ್ವವಾದ ಸೈಟೋಕ್ರೋಮ್ ಆಕ್ಸಿಡೇಸಿನಿಂದ ಕಾರ್ಡಿಯೋಲಿಪಿನ್ ಎಂಬ ಮೇದಸ್ಸನ್ನು ಕಳೆದರೆ ಅದರ ಚಟುವಟಿಕೆ ಕುಗ್ಗುತ್ತದೆ; ಅದನ್ನೇ ಮತ್ತೆ ಸೇರಿಸಿದರೆ ಚೇತರಿಸಿಕೊಳ್ಳುತ್ತದೆ. ಪೊರೆಯ ಮೇದಸ್ಸು ಬರಿಯ ಗೋಡೆಯ ಗಾರೆಯಲ್ಲ, ಕೆಲಸದಲ್ಲಿ ಪಾಲುದಾರನೂ ಹೌದೆಂಬುದು ಹೀಗೆ ಕಳೆದು ಕೂಡಿಸಿದವರಿಗೆ ಕಾಣಿಸಿತು.