ಎರೆಭೂತ ಮತ್ತು ನಮ್ಮ ಗಾಯರಾಣ



ಮಳೆಗಾಲ ಬಂತೆಂದರೆ ಗಡಿಭಾಗದ ನಮ್ಮ ಊರುಗಳಲ್ಲಿ ಸಸಿ ನೆಡುವ ಕಾರ್ಯಕ್ರಮಗಳು ಶುರುವಾಗುತ್ತವೆ. ಒಳ್ಳೆಯ ಕೆಲಸವೇ. ಆದರೆ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬುದನ್ನೂ ವಿಚಾರ ಮಾಡಬೇಕಾಗಿದೆ. ಅದಕ್ಕೆ ನಮ್ಮ ಸೋಲಾಪುರ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ.

ಎರೆಭೂತ ಎಂಬ ಹಕ್ಕಿಯ ಹೆಸರನ್ನು ಹಿರಿಯರು ಕೇಳಿರುತ್ತಾರೆ. ಮರಾಠಿಯಲ್ಲಿ ಇದು ಮಾಳಢೋಕ. ಸುಮಾರು ಒಂದು ಮೀಟರ್ ಎತ್ತರ. ಗಂಡು ಹಕ್ಕಿ 15 ಕಿಲೋದವರೆಗೂ ತೂಗುತ್ತದೆ. ಮಿಡತೆ, ಹುಳ, ಕಾಳು ತಿಂದು ಬದುಕುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬಯಲು ನೆಲದ ಮೇಲೆ. ಇದಕ್ಕೆ ಗಿಡಮರದ ಕಾಡು ಬೇಡ. ದೂರದವರೆಗೆ ಕಣ್ಣು ಹಾಯುವ ಹುಲ್ಲಿನ ಮಾಳ ಬೇಕು.

ಇದರ ರಕ್ಷಣೆಗೆಂದೇ 1979ರಲ್ಲಿ ಸೋಲಾಪುರ ಮತ್ತು ಅಹಮದನಗರ ಜಿಲ್ಲೆಗಳಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಅದರ ಮುಖ್ಯ ಭಾಗ ಬಾರ್ಶಿ ರಸ್ತೆಯ ನಾನ್ನಜ. ಕಾಗದದ ಮೇಲೆ ಅಭಯಾರಣ್ಯದ ವಿಸ್ತೀರ್ಣ 8,496 ಚದರ ಕಿ.ಮೀ. ಅದರಲ್ಲಿ ಬಹುಪಾಲು ರೈತರ ಹೊಲ ಮತ್ತು ಊರುಗಳೇ; ಹಕ್ಕಿ ನಿಜವಾಗಿ ಬಾಳುವ ಹುಲ್ಲುಗಾವಲು ತುಂಬ ಕಡಿಮೆ. ನಿರ್ಬಂಧಗಳಿಂದ ಜನರಿಗೆ ತೊಂದರೆಯಾಯಿತು, ಹಕ್ಕಿಯ ಮೇಲೆಯೇ ಬೇಸರ ಹುಟ್ಟಿತು. ಮುಂದೆ ವಿಸ್ತೀರ್ಣವನ್ನು 1,222 ಚದರ ಕಿ.ಮೀ.ಗೆ ಇಳಿಸಲಾಯಿತು. ಅಷ್ಟರಲ್ಲಿ ನಾನ್ನಜದಲ್ಲಿ ಒಂದು ಹಕ್ಕಿ ಕಂಡರೂ ಸುದ್ದಿ ಎನ್ನುವ ಸ್ಥಿತಿ ಬಂದಿತ್ತು.

ಇಡೀ ದೇಶದಲ್ಲಿ ಈಗ ಉಳಿದಿರುವುದು 150ರ ಆಸುಪಾಸು, ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟು. ಜೈಸಲ್ಮೇರಿನಲ್ಲಿ ವಿದ್ಯುತ್ ತಂತಿಗಳೇ ದೊಡ್ಡ ಅಪಾಯ: ಹಕ್ಕಿಗೆ ಎದುರಿನ ನೋಟ ಕಡಿಮೆ, ಭಾರದ ಮೈಯಿಂದಾಗಿ ತಟ್ಟನೆ ಪಕ್ಕಕ್ಕೆ ತಿರುಗಲೂ ಆಗುವುದಿಲ್ಲ. ತಂತಿಗಳನ್ನು ನೆಲದಡಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಸೌರ ವಿದ್ಯುತ್ತಿನ ಅಗತ್ಯವನ್ನೂ ನೋಡಿ 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. ಇನ್ನೊಂದು ಕಡೆ 2019ರಿಂದ ಅಲ್ಲಿ ಮೊಟ್ಟೆಗಳನ್ನು ತಂದು ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು.

ಮರಿ ಹುಟ್ಟಿಸುವುದು ವಿಜ್ಞಾನಿಗಳ ಕೈಯಲ್ಲಿದೆ. ಆದರೆ ನಾಳೆ ಆ ಮರಿಗಳನ್ನು ಬಿಡಲು ಮಾಳವೇ ಇಲ್ಲದಿದ್ದರೆ ಏನು ಪ್ರಯೋಜನ? ಹುಲ್ಲಿನ ನೆಲವನ್ನು ನಾವು ‘ಬೀಳು’, ‘ಪಡ’ ಎಂದು ಬರೆದುಕೊಂಡು ಬಂದಿದ್ದೇವೆ. ಕಚೇರಿಯ ದಫ್ತರಿನಲ್ಲೂ ಅದೇ ಶಬ್ದ, ನಮ್ಮ ಬಾಯಲ್ಲೂ ಅದೇ. ಹೀಗಾಗಿ ಅದನ್ನು ಉಳುವುದು, ಅಗೆಯುವುದು, ಗಿಡ ತುಂಬುವುದು ಎಲ್ಲವೂ ಅಭಿವೃದ್ಧಿಯಂತೆ ಕಾಣುತ್ತದೆ. ಅದೇ ಹುಲ್ಲನ್ನು ನಂಬಿ ಚಿಗರಿ, ತೋಳ, ಲಾವಕ್ಕಿಗಳಿವೆ. ಕುರಿಗಾರರ ಬದುಕೂ ಇದೆ.

ಆದ್ದರಿಂದ ನಾಗಣಸೂರ, ಅಕ್ಕಲಕೋಟೆ ಮತ್ತು ಸುತ್ತಲಿನ ಊರುಗಳ ಸದಸ್ಯರಲ್ಲಿ ವಿನಂತಿ: ಶಾಲೆಯ ಅಂಗಳ, ರಸ್ತೆ ಬದಿ, ಬದುವುಗಳಲ್ಲಿ ಬೇವು, ಹುಣಸೆ ಅಗತ್ಯವಾಗಿ ನೆಡಿರಿ. ಗಾಯರಾಣದ ಹುಲ್ಲಿನಲ್ಲಿ ಮಾತ್ರ ಕುಣಿ ತೋಡಬೇಡಿರಿ. ಗ್ರಾಮಸಭೆಯಲ್ಲಿ ಗಾಯರಾಣದ ವಿಷಯ ಬಂದಾಗ ಕುರಿಗಾರರ ಮಾತನ್ನೂ ಕೇಳಿಸಿರಿ. ನಿಮ್ಮೂರಿನ ಗಾಯರಾಣ ಎಷ್ಟು ಎಕರೆ ಉಳಿದಿದೆ ಎಂಬುದನ್ನು ತಲಾಠಿಯವರಲ್ಲಿ ವಿಚಾರಿಸಿ ಸಂಘಕ್ಕೆ ತಿಳಿಸಿದರೆ ಮುಂದಿನ ಸಭೆಯಲ್ಲಿ ಚರ್ಚೆಗೆ ಇಡುತ್ತೇವೆ.

– ಕಾರ್ಯದರ್ಶಿ